ಹಬ್ಬದ ಎಲೆಗಿಂತ ಉಂಡಿ ಡಬ್ಬಿಗೆ ಹೆದರಿ

(ತೂಕ ಇಳಿಸುವ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡವರು ಮತ್ತು ಅವರ ಮನೆಯವರು ಸೇರಿದ್ದ ಒಂದು ಸಭೆಯಲ್ಲಿ, ಶ್ರಾವಣ ಶುರುವಾಗುವ ಮುಂಚೆ, ಕೊಪ್ಪಳದಲ್ಲಿ ಒಬ್ಬ ಆಹಾರ ತಜ್ಞೆ ಆಡಿದ ಮಾತುಗಳ ಬರಹ ರೂಪ. ಕೊನೆಯಲ್ಲಿ ಸಭಿಕರು ಕೇಳಿದ ಕೆಲವು ಪ್ರಶ್ನೆಗಳಿವೆ.)

ಎಲ್ಲರಿಗೂ ನಮಸ್ಕಾರ. ಇನ್ನು ಪಂಚಮಿ ಬಂತು. ಅದರ ಹಿಂದೆ ವರಮಹಾಲಕ್ಷ್ಮಿ, ಗಣಪತಿ, ದಸರಾ, ದೀಪಾವಳಿ, ಎಳ್ಳಮಾಸಿ, ಸಂಕ್ರಾಂತಿ, ಆಮೇಲೆ ನಮ್ಮ ಗವಿಮಠದ ಜಾತ್ರೆ. ಒಂದರ ಪಾತ್ರೆ ತೊಳೆದು ಇಡುವಷ್ಟರಲ್ಲಿ ಇನ್ನೊಂದರ ಬೇಳೆ ನೆನೆಯುತ್ತದೆ. ಇಲ್ಲಿ ಕೂತಿರುವ ಕೆಲವರಿಗೆ ಆಪರೇಷನ್ ಆದ ಮೇಲೆ ಇದೇ ಮೊದಲ ಹಬ್ಬದ ಸಾಲು.

ನಮ್ಮ ಕಡೆಯವರು ಈ ಆಪರೇಷನ್ ಮಾಡಿಸಿಕೊಳ್ಳೋದಕ್ಕೆ ಹೆಚ್ಚಾಗಿ ಬೆಂಗಳೂರಿಗೋ ಹೈದರಾಬಾದಿಗೋ ಹುಬ್ಬಳ್ಳಿಗೋ ಹೋಗುತ್ತಾರೆ. ಬರುವಾಗ ಕೈಯಲ್ಲಿ ಒಂದು ಊಟದ ಪಟ್ಟಿ ಇರುತ್ತದೆ. ಅದರಲ್ಲಿ ಓಟ್ಸ್, ಬ್ರೊಕೊಲಿ, ಟೋಫು. ಕಾರಟಗಿಯ ಸಂತೆಯಲ್ಲಿ ಬ್ರೊಕೊಲಿ ಎಲ್ಲಿ ಹುಡುಕೋದು? ಪಟ್ಟಿ ತಪ್ಪಲ್ಲ, ಅದರ ಹಿಂದಿನ ಲೆಕ್ಕ ಸರಿಯಾಗಿಯೇ ಇದೆ. ಆದರೆ ಹೋಳಿಗೆ, ಮಾದಲಿ, ಕರಿಗಡಬು, ಶೇಂಗಾ ಉಂಡಿ ಇವುಗಳ ಮುಂದೆ ಕೂತಾಗ ಏನು ಮಾಡಬೇಕು ಅಂತ ಅದು ಹೇಳುವುದಿಲ್ಲ. ಇವತ್ತು ಅದನ್ನೇ ಮಾತಾಡೋಣ.

ಮೊದಲು ಹೊಟ್ಟೆಯೊಳಗೆ ಏನಾಗಿದೆ ಅಂತ ಸ್ವಲ್ಪ ನೋಡೋಣ. ನಾನು ಹೇಳುತ್ತಿರುವುದು ಎರಡು ಥರದ ಆಪರೇಷನ್ ಬಗ್ಗೆ, ಸ್ಲೀವ್ ಮತ್ತು ಬೈಪಾಸ್. ಈ ಬೈಪಾಸ್ ಹೃದಯದ್ದಲ್ಲ, ಜಠರದ್ದು. ಸ್ಲೀವ್ ಆಪರೇಷನ್‌ನಲ್ಲಿ ಜಠರದ ಶೇಕಡಾ 75ರಿಂದ 80ರಷ್ಟು ಭಾಗವನ್ನು ಕತ್ತರಿಸಿ ತೆಗೆದಿರುತ್ತಾರೆ. ಉಳಿಯುವುದು ಒಂದು ಸಪೂರ ಕೊಳವೆ. ಶುರುವಿನಲ್ಲಿ ಅದು ಹಿಡಿಯುವುದು 100ರಿಂದ 150 ಮಿಲಿ ಲೀಟರ್. ಅಂದರೆ ಒಂದು ಸಣ್ಣ ಚಹಾ ಲೋಟ. ಬೈಪಾಸ್‌ನಲ್ಲಿ ಜಠರದ ಮೇಲ್ಭಾಗದಲ್ಲಿ ಸುಮಾರು 30 ಮಿಲಿ ಲೀಟರಿನ ಪುಟ್ಟ ಚೀಲ ಮಾಡಿ, ಅದನ್ನು ನೇರವಾಗಿ ಸಣ್ಣ ಕರುಳಿಗೆ ಜೋಡಿಸಿರುತ್ತಾರೆ. ಊಟ ಉಳಿದ ಜಠರಕ್ಕೆ ಹೋಗುವುದೇ ಇಲ್ಲ. ಇದು ಇವತ್ತು ನಿನ್ನೆಯ ವಿದ್ಯೆ ಅಲ್ಲ. 1966ರಲ್ಲೇ ಅಮೆರಿಕದ ಎಡ್ವರ್ಡ್ ಮೇಸನ್ ಅನ್ನುವ ಸರ್ಜನ್ ತೂಕ ಇಳಿಸೋದಕ್ಕೆ ಬೈಪಾಸ್ ಮಾಡಿದ್ದರು.

ಇನ್ನೊಂದು ಸಂಗತಿ. ಜಠರದ ಮೇಲಿನ ಉಬ್ಬಿದ ಭಾಗದಲ್ಲಿ ಹಸಿವು ಹುಟ್ಟಿಸುವ ಒಂದು ಹಾರ್ಮೋನು ತಯಾರಾಗುತ್ತದೆ. ಗ್ರೆಲಿನ್ ಅಂತ ಹೆಸರು, 1999ರಲ್ಲಿ ಜಪಾನಿನ ವಿಜ್ಞಾನಿಗಳು ಕಂಡುಹಿಡಿದರು. ಸ್ಲೀವ್‌ನಲ್ಲಿ ಆ ಭಾಗವೇ ಹೊರಗೆ ಹೋಗಿರುತ್ತದೆ. ಅದಕ್ಕೇ ಮೊದಲ ಕೆಲವು ತಿಂಗಳು "ಮೇಡಂ, ಹಸಿವಾಗೋದೇ ಇಲ್ಲ" ಅಂತ ನೀವು ಹೇಳೋದು. ಆ ಸುಖ ಕಾಯಂ ಅಲ್ಲ. ದಿನ ಕಳೆದಂತೆ ಹಸಿವು ತಿರುಗಿ ಬರುತ್ತದೆ. ಮೊದಲ ವರ್ಷದ ಹಬ್ಬ ಸಲೀಸಾಗಿ ದಾಟಿದವರು ಎರಡನೇ ವರ್ಷದ ಹಬ್ಬದಲ್ಲಿ ತಡವರಿಸುವುದು ಇದೇ ಕಾರಣಕ್ಕೆ. ಸಾಮಾನ್ಯವಾಗಿ ಒಂದೂವರೆ ಎರಡು ವರ್ಷದ ಹೊತ್ತಿಗೆ ತೂಕ ಅತಿ ಕಡಿಮೆ ಮಟ್ಟಕ್ಕೆ ಇಳಿದಿರುತ್ತದೆ. ಮತ್ತೆ ಏರುವುದಿದ್ದರೆ ಅಲ್ಲಿಂದ ಮುಂದೆ.

ಈಗ ನಾನು ಹೇಳಬೇಕೆಂದಿರುವ ಮುಖ್ಯ ಮಾತು. ಹಬ್ಬದ ಊಟ ಅಂದರೆ ಎಲ್ಲರೂ ಹೆದರುವುದು ಆ ದಿನ ಮಧ್ಯಾಹ್ನದ ಎಲೆಗೆ. ಹೋಳಿಗೆ, ತುಪ್ಪ, ಭಜಿ, ಚಿತ್ರಾನ್ನ. ಆ ಎಲೆಗೆ ಅಷ್ಟು ಹೆದರಬೇಡಿ. ಎಷ್ಟೇ ಆಸೆ ಇದ್ದರೂ ಚಹಾ ಲೋಟದಷ್ಟು ಹೊಟ್ಟೆಯಲ್ಲಿ ಒಂದು ಹೊತ್ತಿಗೆ ಹಿಡಿಯುವುದು ಅಷ್ಟೇ. ಜಾಸ್ತಿ ತಿಂದರೆ ಎದೆ ಒತ್ತುತ್ತದೆ, ವಾಂತಿ ಬರುತ್ತದೆ, ನೀವೇ ನಿಲ್ಲಿಸುತ್ತೀರಿ. ನಿಲ್ಲಿಸಲಾಗದ್ದು ಹಬ್ಬ ಮುಗಿದ ಮೇಲೆ ಅಡುಗೆ ಮನೆಯ ನಾಗೊಂದಿಗೆಯ ಮೇಲೆ ಉಳಿಯುವ ಡಬ್ಬಿಗಳನ್ನು. ಆ ಡಬ್ಬಿಯಲ್ಲಿರುವುದು ಪುಡಿಯಾಗುವ, ಕರಗುವ, ಬೇಗ ಕೆಳಗಿಳಿಯುವ ತಿನಿಸು. ಒಂದು ಉಂಡಿ ತಿಂದು ಅರ್ಧ ಗಂಟೆಗೆ ಇನ್ನೊಂದಕ್ಕೆ ಜಾಗ ಆಗಿರುತ್ತದೆ. ಹೊಟ್ಟೆ ತುಂಬಿದ ಸೂಚನೆಯೇ ಬರುವುದಿಲ್ಲ. ಆಪರೇಷನ್ ನಿಮ್ಮನ್ನು ಎಲೆಯಿಂದ ಕಾಪಾಡುತ್ತದೆ, ಡಬ್ಬಿಯಿಂದ ಕಾಪಾಡುವುದಿಲ್ಲ.

ಅದಕ್ಕೇ ಯುಗಾದಿಗಿಂತ ಪಂಚಮಿಯೇ ಕಷ್ಟದ ಹಬ್ಬ ಅಂತ ನಾನು ಹೇಳೋದು.

ಪಂಚಮಿಯಲ್ಲಿ ನಮ್ಮ ಮನೆಗಳಲ್ಲಿ ಎಷ್ಟು ಥರದ ಉಂಡಿ ಆಗುತ್ತದೆ ನೋಡಿ. ಶೇಂಗಾ ಉಂಡಿ, ಎಳ್ಳುಂಡಿ, ರವೆ ಉಂಡಿ, ಬೇಸನ್ ಉಂಡಿ, ತಂಬಿಟ್ಟು, ಜೊತೆಗೆ ಜೋಳದ ಅಳ್ಳು. ತವರಿಗೆ ಬಂದ ಮಗಳಿಗೆ ಕಟ್ಟಿ ಕಳಿಸೋದು, ಅಕ್ಕಪಕ್ಕದವರಿಗೆ ಕೊಡೋದು, ಅವರು ತಿರುಗಿ ಕೊಡೋದು. ಹದಿನೈದು ದಿನ ಆದರೂ ಡಬ್ಬಿ ಖಾಲಿ ಆಗುವುದಿಲ್ಲ. ಈಗ ಲೆಕ್ಕ ಹಾಕೋಣ. ಶೇಂಗಾ ಮತ್ತು ಬೆಲ್ಲ ಸಮ ಸಮ ಹಾಕಿ ಕಟ್ಟಿದ 30 ಗ್ರಾಂ ತೂಕದ ಸಣ್ಣ ಉಂಡಿಯಲ್ಲಿ ಸುಮಾರು 140 ಕ್ಯಾಲೊರಿ ಇರುತ್ತದೆ. ನಮ್ಮ ಮನೆಯ ಉಂಡಿ ಅಷ್ಟು ಸಣ್ಣದಿರುವುದಿಲ್ಲ, ಇರಲಿ. ದಿನಕ್ಕೆ ಬರುತ್ತಾ ಹೋಗುತ್ತಾ ನಾಲ್ಕು ತಿಂದರೆ 560. ಆಪರೇಷನ್ ಆಗಿ ವರ್ಷದೊಳಗಿನ ಎಷ್ಟೋ ಜನರ ಇಡೀ ದಿನದ ಊಟವೇ 1000, 1200 ಕ್ಯಾಲೊರಿ. ಅದರ ಅರ್ಧದಷ್ಟು ಉಂಡಿಯಲ್ಲೇ ಹೋಯಿತು. "ಶೇಂಗಾದಲ್ಲಿ ಪ್ರೋಟೀನ್ ಇದೆಯಲ್ಲ ಮೇಡಂ" ಅನ್ನುತ್ತಾರೆ. ಇದೆ. ಆ ಒಂದು ಉಂಡಿಯಲ್ಲಿ ಹತ್ತತ್ತಿರ 4 ಗ್ರಾಂ. ನಿಮಗೆ ದಿನಕ್ಕೆ ಬೇಕಾದದ್ದು 60ರಿಂದ 80 ಗ್ರಾಂ. ಉಂಡಿ ತಿಂದು ಅದನ್ನು ಮುಟ್ಟೋದಕ್ಕೆ ಹೊರಟರೆ ಏನಾಗುತ್ತದೆ ಅಂತ ನೀವೇ ಗುಣಿಸಿ ನೋಡಿ.

ಬೆಲ್ಲದ ಬಗ್ಗೆಯೂ ಒಂದು ಮಾತು. "ಸಕ್ಕರೆ ಹಾಕಿಲ್ಲ, ಬೆಲ್ಲದ್ದೇ" ಅಂತ ಬಡಿಸುವವರು ಧೈರ್ಯ ಹೇಳುತ್ತಾರೆ. ಬೆಲ್ಲದ ಬಹುಪಾಲು ಸಕ್ಕರೆಯೇ. ನಿಮ್ಮ ಕರುಳಿಗೆ ಎರಡಕ್ಕೂ ವ್ಯತ್ಯಾಸ ಗೊತ್ತಾಗುವುದಿಲ್ಲ.

ಹಾಗಂತ ಪಂಚಮಿಯನ್ನು ಪೂರ್ತಿ ಬಯ್ಯಬೇಡಿ. ಅದರ ಹಿಂದಿನ ದಿನದ ರೊಟ್ಟಿ ಹಬ್ಬ ಇದೆಯಲ್ಲ, ಈ ಆಪರೇಷನ್ ಮಾಡಿಸಿಕೊಂಡವರಿಗೆ ಹೇಳಿ ಮಾಡಿಸಿದ ಹಬ್ಬ ಅದು. ಓಣಿಯ ಮನೆಮನೆಗೆ ರೊಟ್ಟಿ, ಪಲ್ಯ ಹಂಚಿಕೊಳ್ಳುತ್ತೇವೆ. ತಟ್ಟೆಯಲ್ಲಿ ಏನಿರುತ್ತದೆ? ಮಡಿಕೆ ಕಾಳು ಪಲ್ಯ, ಹೆಸರುಕಾಳು, ಬದನೆಕಾಯಿ, ಗುರೆಳ್ಳು ಚಟ್ನಿ, ಮೊಸರು, ಖಡಕ್ ಸಜ್ಜೆ ರೊಟ್ಟಿ. ಬೆಂಗಳೂರಿನ ಪಟ್ಟಿಯಲ್ಲಿ ಇರುವುದೆಲ್ಲ ಬೇರೆ ಹೆಸರಿನಲ್ಲಿ ಇಲ್ಲೇ ಇದೆ. ಬೇಯಿಸಿದ ಕಾಳು 100 ಗ್ರಾಂ ತಿಂದರೆ 7ರಿಂದ 9 ಗ್ರಾಂ ಪ್ರೋಟೀನ್ ಸಿಗುತ್ತದೆ. ಆ ದಿನ ಕಾಳು ಪಲ್ಯ ಮೊದಲು, ಮೊಸರು ಆಮೇಲೆ, ರೊಟ್ಟಿ ಕೊನೆಗೆ ಒಂದು ತುಂಡು. ಪಲ್ಯದ ಮೇಲೆ ತೇಲುವ ಎಣ್ಣೆಯನ್ನು ಮಾತ್ರ ಪಕ್ಕಕ್ಕೆ ಸರಿಸಿ.

ರೊಟ್ಟಿ ಬಗ್ಗೆ ತುಂಬ ಜನ ಕೇಳುತ್ತಾರೆ. ಮೆತ್ತನೆಯ ಚಪಾತಿ, ಬ್ರೆಡ್, ಬಿಸಿ ಅನ್ನ ಹಲವರಿಗೆ ಒಳಗೆ ಅಂಟಿಕೊಂಡು ಉಂಡೆಯಾಗಿ ಕೂತಂತೆ ಆಗುತ್ತದೆ. ಖಡಕ್ ರೊಟ್ಟಿ ಅಗಿಯದೆ ನುಂಗೋದಕ್ಕೆ ಆಗುವುದೇ ಇಲ್ಲ, ಅದೇ ಅದರ ಗುಣ. ಒಂದು ತುತ್ತನ್ನು 20-30 ಸಲ ಅಗಿಯಿರಿ ಅಂತ ಡಾಕ್ಟರ್ ಹೇಳಿರುತ್ತಾರೆ, ಖಡಕ್ ರೊಟ್ಟಿ ತಾನೇ ಅಗಿಸುತ್ತದೆ. ಆದರೆ ಆಪರೇಷನ್ ಆದ ಮೊದಲ ಒಂದೆರಡು ತಿಂಗಳು ಬೇಡ. ಆಗ ದ್ರವ, ಆಮೇಲೆ ರುಬ್ಬಿದ್ದು, ಆಮೇಲೆ ಮೆತ್ತನೆಯದು ಅಂತ ಮೆಟ್ಟಿಲು ಇರುತ್ತದೆ. ಹಬ್ಬ ಬಂತು ಅಂತ ಮೆಟ್ಟಿಲು ಹಾರುವ ಹಾಗಿಲ್ಲ. ಹೊಲಿಗೆ ಒಣಗುವ ಕಾಲ ಅದು. ಆ ಸಮಯದಲ್ಲಿ ಹಬ್ಬ ಬಿದ್ದರೆ ನಿಮ್ಮ ಪಾಲಿಗೆ ಬೇಳೆಕಟ್ಟು, ಮಜ್ಜಿಗೆ. ಮುಂದಿನ ವರ್ಷವೂ ಹಬ್ಬ ಬರುತ್ತದೆ.

ಇನ್ನು ಎಲೆ ಊಟಕ್ಕೆ ಬರೋಣ. ಎಲೆಗೆ ಹೆದರಬೇಡಿ ಅಂದೆ, ಆದರೆ ಎಲೆಯಲ್ಲೂ ಒಂದು ತೊಡಕಿದೆ. ನಮ್ಮ ಪದ್ಧತಿಯಲ್ಲಿ ಸಿಹಿ ಮೊದಲೇ ಬಡಿಸುತ್ತಾರೆ, ಪಾಯಸ ಮೊದಲೇ ಬಾಯಿಗೆ ಹೋಗುತ್ತದೆ. ಖಾಲಿ ಹೊಟ್ಟೆಗೆ ನೀರಾದ ಸಿಹಿ ಬಿದ್ದರೆ, ಬೈಪಾಸ್ ಆದವರಿಗಂತೂ ಅದು ತಡೆಯಿಲ್ಲದೆ ಸಣ್ಣ ಕರುಳಿಗೆ ಇಳಿಯುತ್ತದೆ. ಕರುಳು ಆ ಸಕ್ಕರೆಯನ್ನು ತೆಳುಮಾಡೋದಕ್ಕೆ ಮೈಯ ನೀರನ್ನೆಲ್ಲ ಎಳೆದುಕೊಳ್ಳುತ್ತದೆ. 10ರಿಂದ 30 ನಿಮಿಷದೊಳಗೆ ಎದೆ ಡವಡವ, ಬೆವರು, ಹೊಟ್ಟೆ ನುಲಿತ, ಭೇದಿ, ತಲೆಸುತ್ತು. ಇದಕ್ಕೆ ಡಂಪಿಂಗ್ ಅನ್ನುತ್ತಾರೆ. ಸ್ಲೀವ್ ಆದವರಿಗೂ ಆಗಬಹುದು, ಅಷ್ಟು ಜಾಸ್ತಿ ಅಲ್ಲ.

ಇದರ ಎರಡನೇ ರೂಪ ಇನ್ನೂ ಮೋಸದ್ದು. ತಿಂದು ಒಂದರಿಂದ ಮೂರು ಗಂಟೆ ಬಿಟ್ಟು ಬರುತ್ತದೆ. ಸಕ್ಕರೆ ಒಮ್ಮೆಲೇ ರಕ್ತಕ್ಕೆ ಸೇರಿದ್ದರಿಂದ ಇನ್ಸುಲಿನ್ ಅಳತೆ ಮೀರಿ ಬಂದಿರುತ್ತದೆ, ಆಮೇಲೆ ಸಕ್ಕರೆ ಕುಸಿಯುತ್ತದೆ. ಕೈ ನಡುಕ, ಬೆವರು, ತಡೆಯಲಾಗದ ಹಸಿವು. ಹಬ್ಬದ ದಿನ ಮಧ್ಯಾಹ್ನ ಎರಡಕ್ಕೆ ಹೋಳಿಗೆ ತಿಂದವರು ನಾಲ್ಕು ಗಂಟೆಗೆ "ನಿಶ್ಶಕ್ತಿ" ಅಂತ ಕೂರುತ್ತಾರೆ. ಮನೆಯವರು ಗಾಬರಿಯಾಗಿ ಇನ್ನೊಂದು ಉಂಡಿ ಕೈಗೆ ಕೊಡುತ್ತಾರೆ. ಸ್ವಲ್ಪ ಹೊತ್ತು ಆರಾಮ, ಆರು ಗಂಟೆಗೆ ಮತ್ತೆ ಅದೇ ಕಥೆ. ನಿಜಕ್ಕೂ ನಡುಕ ಬಂದಿದ್ದರೆ ಸ್ವಲ್ಪ ಸಿಹಿ ಸಾಕು. ಅದರ ಬೆನ್ನಿಗೇ ಬೇಯಿಸಿದ ಕಾಳೋ ಮೊಸರೋ ಮೊಟ್ಟೆಯೋ ಸ್ವಲ್ಪ ತಿನ್ನಬೇಕು, ಆಗ ಈ ಏರಿಳಿತ ನಿಲ್ಲುತ್ತದೆ. ಪದೇ ಪದೇ ಆಗುತ್ತಿದ್ದರೆ ಆಪರೇಷನ್ ಮಾಡಿದ ಡಾಕ್ಟರಿಗೆ ಹೇಳಲೇಬೇಕು.

ಆದ್ದರಿಂದ ಎಲೆಯ ಕ್ರಮವನ್ನು ತಿರುಗಿಸಿ. ಬಡಿಸುವ ಕ್ರಮ ಹೇಗೇ ಇರಲಿ, ತಿನ್ನುವ ಕ್ರಮ ನಿಮ್ಮ ಕೈಯಲ್ಲೇ ಇದೆ. ಮೊದಲು ಕಾಳು ಪಲ್ಯ, ಕೋಸಂಬರಿ, ಮೊಸರು. ಸಿಹಿ ಕೊನೆಗೆ. ಆಗ ಕಾಲು ಹೋಳಿಗೆಗೆ ಮಾತ್ರ ಜಾಗ ಉಳಿದಿರುತ್ತದೆ, ಅದು ನಿಧಾನವಾಗಿ ಕರುಳಿಗೆ ಇಳಿಯುತ್ತದೆ. ಕೋಸಂಬರಿಯ ಹಸಿ ಬೇಳೆ ಕೆಲವರಿಗೆ ವಾಯು ಮಾಡುತ್ತದೆ, ಅಂಥವರು ಬೇಳೆಯನ್ನು ಒಂದು ಕುದಿ ಬೇಯಿಸಿ ಮಾಡಿಕೊಳ್ಳಲಿ.

ಹೋಳಿಗೆಗೆ ಸಕ್ಕರೆ ಬದಲು ಏನೇನೋ ಹಾಕಿ ಮಾಡುವವರಿದ್ದಾರೆ. ನನಗೆ ಅದು ಇಷ್ಟವಿಲ್ಲ. ಆ ಥರದ ಹೋಳಿಗೆ ಎರಡು ತಿಂದರೂ ಸಮಾಧಾನ ಆಗುವುದಿಲ್ಲ. ಅಸಲಿ ಹೋಳಿಗೆಯನ್ನೇ ಕಾಲು ಭಾಗ ತಿನ್ನಿ, ಚೆನ್ನಾಗಿ ಅಗಿದು ತಿನ್ನಿ. ಲೆಕ್ಕ ಮಾಡಬೇಕಾದದ್ದು ಅದರ ಮೇಲೆ ಸುರಿಯುವ ತುಪ್ಪವನ್ನು. ಒಂದು ದೊಡ್ಡ ಚಮಚ ತುಪ್ಪ ಅಂದರೆ ಸುಮಾರು 120 ಕ್ಯಾಲೊರಿ. ನಮ್ಮಲ್ಲಿ ತುಪ್ಪವನ್ನು ಚಮಚದಲ್ಲಿ ಯಾರು ಹಾಕುತ್ತಾರೆ? ಗಿಂಡಿಯನ್ನೇ ಬಗ್ಗಿಸುತ್ತಾರೆ.

ಯುಗಾದಿಯ ಬೇವು ಬೇರೆ ವಿಷಯ. ಬೇರೆ ಕಡೆ ಬೇವಿನ ಎಸಳಿಗೆ ಬೆಲ್ಲ ಸೇರಿಸಿ ಬಾಯಿಗೆ ಹಾಕಿಕೊಂಡರೆ ಮುಗಿಯಿತು. ನಮ್ಮ ಕಡೆ ಅದು ಕುಡಿಯುವ ಬೇವು. ಹುಣಸೆ, ಬೆಲ್ಲ, ಮಾವಿನಕಾಯಿ, ಪುಠಾಣಿ, ಬೇವಿನ ಹೂವು ಎಲ್ಲ ಕೂಡಿಸಿ ಲೋಟಗಟ್ಟಲೆ. ಅದೂ ಎಣ್ಣೆ ಸ್ನಾನ ಆದ ಮೇಲೆ, ಖಾಲಿ ಹೊಟ್ಟೆಗೆ. ಡಂಪಿಂಗ್ ತರಿಸೋದಕ್ಕೆ ಇದಕ್ಕಿಂತ ಒಳ್ಳೆಯ ದಾರಿ ಇಲ್ಲ. ಎರಡು ಚಮಚ ಪ್ರಸಾದದ ಹಾಗೆ ತೆಗೆದುಕೊಳ್ಳಿ, ಸಾಕು. ಮುಂಚೆ ನಾಲ್ಕು ಚಮಚ ಮೊಸರೋ ಒಂದು ಮೊಟ್ಟೆಯೋ ಹೊಟ್ಟೆಗೆ ಬಿದ್ದಿದ್ದರೆ ಇನ್ನೂ ಒಳ್ಳೆಯದು. ಮಡಿ ಇರುವ ಮನೆಯಲ್ಲಿ ಮೊಸರೇ ಆಗಲಿ.

ನೀರಿನ ವಿಷಯ. ಊಟದ ಜೊತೆ ನೀರು ಕುಡಿಯಬಾರದು, ಊಟ ಆಗಿ ಅರ್ಧ ಗಂಟೆ ಬಿಡಬೇಕು ಅಂತ ನಿಮಗೆಲ್ಲ ಗೊತ್ತು. ಆದರೆ ನಮ್ಮ ಊಟದ ಖಾರಕ್ಕೆ ನೀರಿಲ್ಲದೆ ಹೇಗೆ? ಖಾರ ಕಡಿಮೆ ಮಾಡುವುದೊಂದೇ ದಾರಿ, ಬೇರೆ ಜಾಣತನ ಇಲ್ಲ. ಇನ್ನೊಂದು ಕಡೆ ದಿನಕ್ಕೆ ಒಂದೂವರೆಯಿಂದ ಎರಡು ಲೀಟರ್ ನೀರು ಮೈಗೆ ಹೋಗಲೇಬೇಕು. ಒಮ್ಮೆಲೇ ಗಟಗಟ ಕುಡಿಯುವ ಹೊಟ್ಟೆ ಈಗಿಲ್ಲ, ದಿನವಿಡೀ ಗುಟುಕು ಗುಟುಕಾಗಿ ಕುಡಿಯಬೇಕು. ರಾಯಚೂರು, ಬಳ್ಳಾರಿ, ನಮ್ಮ ಕೊಪ್ಪಳ ಎಲ್ಲೇ ಆದರೂ ಯುಗಾದಿ ಹೊತ್ತಿಗೆ ಬಿಸಿಲು 40 ಡಿಗ್ರಿ ಸುತ್ತಮುತ್ತ. ಹಬ್ಬದ ದಿನ ಅಡುಗೆ ಮನೆಯಲ್ಲಿ ಒಲೆ ಮುಂದೆ ನಿಂತ ಹೆಣ್ಣುಮಕ್ಕಳು ಬೆಳಗ್ಗೆಯಿಂದ ನೀರೇ ಮುಟ್ಟಿರುವುದಿಲ್ಲ. ಆಪರೇಷನ್ ಆದ ಹೆಣ್ಣುಮಗಳು ಇದ್ದರೆ ಅವಳ ಪಕ್ಕ ಒಂದು ಬಾಟಲಿ ಇಡೋದು ಮನೆಯ ಗಂಡಸರ ಕೆಲಸ. ಇಲ್ಲಿ ಬಂದಿರುವ ಗಂಡಂದಿರು ಕೇಳಿಸಿಕೊಂಡಿರಿ ಅಂದುಕೊಂಡಿದ್ದೇನೆ. ಮಜ್ಜಿಗೆ ಒಳ್ಳೆಯದು. ಪಾನಕ, ಶರಬತ್ತು, ಸೋಡಾ ಬೇಡ.

ಇನ್ನು ದಾಸೋಹ. ಗವಿಸಿದ್ಧೇಶ್ವರ ಜಾತ್ರೆಯ ಮಹಾದಾಸೋಹಕ್ಕೆ ಊರೂರಿಂದ ರೊಟ್ಟಿ ಬರುತ್ತದೆ, ಮಾದಲಿ ಬರುತ್ತದೆ, ಮಿರ್ಚಿ ಭಜಿ ಆಗುತ್ತದೆ. ಅಲ್ಲಿಗೆ ಹೋಗಿ ಪ್ರಸಾದ ತೆಗೆದುಕೊಳ್ಳದೆ ಬರೋದು ಯಾರಿಗೂ ಮನಸ್ಸು ಒಪ್ಪುವುದಿಲ್ಲ. ತಟ್ಟೆಯಲ್ಲಿ ಪ್ರಸಾದ ಬಿಡೋದಂತೂ ಸಾಧ್ಯವೇ ಇಲ್ಲ. ಎಷ್ಟೋ ಜನ ಹೊಟ್ಟೆ ತುಂಬಿದ ಮೇಲೂ ತಿನ್ನುವುದು ರುಚಿಗಲ್ಲ, ಬಿಟ್ಟರೆ ಪಾಪ ಅಂತ. ಇದಕ್ಕೆ ಉಪಾಯ ಬಡಿಸುವ ಮುಂಚೆಯೇ ಮಾಡಬೇಕು. ತಟ್ಟೆಗೆ ಬಿದ್ದ ಮೇಲೆ ಏನೂ ಮಾಡೋದಕ್ಕೆ ಬರುವುದಿಲ್ಲ. ಮನೆಯವರೊಬ್ಬರ ಜೊತೆ ಒಂದೇ ತಟ್ಟೆ ಹಂಚಿಕೊಳ್ಳಿ. ನಿಮ್ಮ ಪಾಲಿಗೆ ಒಂದು ಚಮಚ ಮಾದಲಿ, ಒಂದು ಚೂರು ರೊಟ್ಟಿ, ಸ್ವಲ್ಪ ಕಾಳು. ಉಳಿದದ್ದು ಅವರದು. ಪ್ರಸಾದಕ್ಕೆ ಅಳತೆ ಇಲ್ಲ ಅನ್ನುವುದು ಭಕ್ತರಿಗೇ ಗೊತ್ತಿರುವ ಮಾತು.

ಪಂಕ್ತಿ ಊಟದ ವೇಗವೂ ಒಂದು ತೊಂದರೆ. ಮದುವೆ, ಗೃಹಪ್ರವೇಶದಲ್ಲಿ ಕೂತವರು ಹತ್ತು ನಿಮಿಷಕ್ಕೆ ಏಳುತ್ತಾರೆ. ಹಿಂದೆ ಇನ್ನೊಂದು ಪಂಕ್ತಿ ನಿಮ್ಮ ಬೆನ್ನಿಗೇ ಕಾಯುತ್ತಾ ನಿಂತಿರುತ್ತದೆ. ನಿಮಗೆ ಅಷ್ಟೇ ಅಷ್ಟು ಊಟಕ್ಕೂ 20ರಿಂದ 30 ನಿಮಿಷ ಬೇಕು. ಅವಸರದಲ್ಲಿ ನುಂಗಿದ ತುತ್ತೇ ಸಿಕ್ಕಿಕೊಳ್ಳುವುದು. ಹಾಗಾಗಿ ಕೊನೆಯ ಪಂಕ್ತಿಗೆ ಕೂರಿ, ಇಲ್ಲ ಮನೆಯಲ್ಲೇ ಪ್ರೋಟೀನ್ ಇರುವ ಊಟ ಮುಗಿಸಿ ಹೋಗಿ, ಅಲ್ಲಿ ಸುಮ್ನೆ ಎರಡು ತುತ್ತು ಮುಟ್ಟಿ.

ಬಾಡೂಟದ ಮನೆಗಳ ವಿಷಯ ಬೇಗ ಹೇಳುತ್ತೇನೆ. ಬನ್ನಿ ಹಬ್ಬದ ಮರುದಿನ, ಬಕ್ರೀದ್, ರಂಜಾನ್, ಜಾತ್ರೆಯ ಮರುದಿನ. ಬಿರಿಯಾನಿ ತಟ್ಟೆಯಲ್ಲಿ ಮೊದಲು ಮಾಂಸ, ಆಮೇಲೆ ಮೊಸರು ಬಜ್ಜಿ, ಅನ್ನ ಕೊನೆಗೆ ಒಂದೆರಡು ಚಮಚ. ಮಟನ್ ನಾರು ನಾರಾಗಿರುತ್ತದೆ, ಸಿಕ್ಕಿಕೊಳ್ಳುವ ಸಾಮಾನುಗಳಲ್ಲಿ ಅದೇ ಮೊದಲನೆಯದು. ಕೀಮಾ, ಮೀನು, ಮೊಟ್ಟೆ ಸುಲಭ. ಶೀರ್ ಕುರ್ಮಾ, ಮೊಹರಂನ ಚೊಂಗೆ ಇವಕ್ಕೂ ಹೋಳಿಗೆಯ ನಿಯಮವೇ. ಮದ್ಯ ಮಾತ್ರ ಬೇಡವೇ ಬೇಡ. ಈ ಆಪರೇಷನ್ ಆದವರಿಗೆ ಅದು ಮೊದಲಿಗಿಂತ ಬೇಗ ರಕ್ತಕ್ಕೆ ಏರುತ್ತದೆ, ಬೇಗ ಅಮಲಾಗುತ್ತದೆ. ಮೊದಲು ಎಷ್ಟು ತಡೆಯುತ್ತಿದ್ದೆ ಅನ್ನುವ ಲೆಕ್ಕ ಈಗ ನಡೆಯುವುದಿಲ್ಲ. ಹಬ್ಬ ಮುಗಿಸಿ ಬೈಕಿನಲ್ಲಿ ಊರಿಗೆ ಹೊರಡುವವರು ಇದನ್ನು ಎರಡು ಸಲ ಕೇಳಿಸಿಕೊಳ್ಳಿ.

ಮಾತ್ರೆಗಳು. ಹಬ್ಬದ ಗಡಿಬಿಡಿಯಲ್ಲಿ ಮೊದಲು ಮರೆಯುವುದು ಇವನ್ನೇ. ಬಿ12, ಕಬ್ಬಿಣ, ಕ್ಯಾಲ್ಸಿಯಂ, ವಿಟಮಿನ್ ಡಿ ಇವು ಜೀವನಪೂರ್ತಿ. ಸಸ್ಯಾಹಾರಿಗಳಿಗೆ ಬಿ12 ಇನ್ನೂ ಮುಖ್ಯ. ಕಬ್ಬಿಣ ಮತ್ತು ಕ್ಯಾಲ್ಸಿಯಂ ಮಾತ್ರೆ ಒಟ್ಟಿಗೆ ನುಂಗಬೇಡಿ, ನಡುವೆ ಎರಡು ಗಂಟೆ ಇರಲಿ. ಕಬ್ಬಿಣದ ಮಾತ್ರೆಯ ಹಿಂದೆಯೇ ಚಹಾ ಕುಡಿದರೆ ಅದು ಮೈಗೆ ಹತ್ತುವುದಿಲ್ಲ. ನೆಂಟರು ಬಂದಾಗ ಗಂಟೆಗೊಂದು ಚಹಾ ಆಗುತ್ತದಲ್ವಾ, ಅದಕ್ಕೆ ಹೇಳಿದೆ.

ಈಗ ಮನೆಯವರಿಗೆ. ಅತ್ತೆಯಂದಿರು, ಅಮ್ಮಂದಿರು, ಅತ್ತಿಗೆಯರು. ಒತ್ತಾಯ ಮಾಡಿ ಬಡಿಸೋದು ನಮ್ಮ ಕಡೆಯ ಪ್ರೀತಿ. "ಒಂದs ಒಂದು ಹಾಕ್ಕೋರಿ, ಒಲ್ಲೆ ಅನಬ್ಯಾಡ್ರಿ" ಅನ್ನದಿದ್ದರೆ ಬಡಿಸಿದ ಸಮಾಧಾನವೇ ಇಲ್ಲ. ಆ ಪ್ರೀತಿಯನ್ನು ಬೇರೆ ಕಡೆ ತಿರುಗಿಸಿ ಅಂತ ನನ್ನ ಕೋರಿಕೆ. ಹೋಳಿಗೆಗೆ ಒತ್ತಾಯ ಮಾಡುವ ಬದಲು ಕಾಳು ಪಲ್ಯಕ್ಕೆ ಮಾಡಿ. ಅವರಿಗಾಗಿ ಒಂದು ಬಟ್ಟಲು ಗಟ್ಟಿ ಮೊಸರು ಎತ್ತಿಡಿ. ಖಾರ ಹಾಕುವ ಮುಂಚೆ ಒಂದು ಸೌಟು ಕಾಳು ತೆಗೆದಿಡಿ. ಮತ್ತೆ, ಕೂದಲು ಉದುರುತ್ತಿದೆ, ಮುಖ ಬತ್ತಿದೆ ಅಂತ ನೆಂಟರ ಮುಂದೆ ಮರುಗಬೇಡಿ. ಮೂರರಿಂದ ಆರು ತಿಂಗಳಿನ ನಡುವೆ ಕೂದಲು ಉದುರುವುದು ತುಂಬ ಜನಕ್ಕೆ ಆಗುತ್ತದೆ. ಪ್ರೋಟೀನ್ ಸರಿಯಾಗಿ ಹೋದರೆ ಮತ್ತೆ ಬರುತ್ತದೆ. ಆಗ ಪಾಯಸ ಕುಡಿಸಿದರೆ ಕೂದಲು ಬರುವುದಿಲ್ಲ.

ಡಬ್ಬಿಗೆ ಏನು ಮಾಡಬೇಕು? ಉಂಡಿ ಕಟ್ಟಬೇಡಿ ಅಂದರೆ ನೀವು ಕೇಳುವುದಿಲ್ಲ, ಕೇಳಲೂಬಾರದು. ಮನೆಯಲ್ಲಿ ಮಕ್ಕಳಿದ್ದಾರೆ. ಆದರೆ ಕಮ್ಮಿ ಕಟ್ಟಿ, ಲಿಂಬೆಹಣ್ಣಿನಷ್ಟು ಸಣ್ಣದು ಕಟ್ಟಿ, ಆ ವಾರದಲ್ಲೇ ಹಂಚಿ ಮುಗಿಸಿ. ಉಳಿದ ಡಬ್ಬಿ ಅಡುಗೆ ಮನೆಯಲ್ಲಿ ಕಣ್ಣಿಗೆ ಕಾಣುವ ಕಡೆ ಬೇಡ, ಕಪಾಟಿನೊಳಗೆ ಇರಲಿ. ಆಪರೇಷನ್ ಆದವರು ತಿನ್ನುವುದಾದರೆ ಊಟದ ಕೊನೆಗೆ ಅರ್ಧ ಉಂಡಿ, ಕೂತು, ತಟ್ಟೆಯಲ್ಲಿ ಇಟ್ಟುಕೊಂಡು. ಡಬ್ಬಿಯ ಮುಂದೆ ನಿಂತುಕೊಂಡು ತಿಂದದ್ದು ಯಾರ ಲೆಕ್ಕಕ್ಕೂ ಬರುವುದಿಲ್ಲ, ತೂಕದ ಯಂತ್ರವೊಂದನ್ನು ಬಿಟ್ಟು. ಹೊತ್ತು ಹೊತ್ತಿಗೆ ಊಟ, ನಡುವೆ ಬಾಯಿ ಬಂದ್ ಅನ್ನುವ ನಿಯಮ ಹಬ್ಬದ ವಾರದಲ್ಲಿ ಉಳಿಸಿಕೊಂಡರೆ ಉಳಿದದ್ದರಲ್ಲಿ ಸ್ವಲ್ಪ ಹೆಚ್ಚುಕಮ್ಮಿ ಆದರೂ ನಡೆಯುತ್ತದೆ.

ಸಭಿಕರು ಕೇಳಿದ್ದು

ಆಪರೇಷನ್ ಆಗಿದೆ ಅಂತ ಎಲ್ಲರಿಗೂ ಹೇಳಬೇಕಾ?

ಬೇಕಿಲ್ಲ. ಅದು ನಿಮ್ಮ ಮೈ, ನಿಮ್ಮ ವಿಷಯ. ಬಡಿಸುವವರಲ್ಲಿ ಒಬ್ಬರಿಗೆ ಗೊತ್ತಿದ್ದರೆ ಸಾಕು, ಉಳಿದವರನ್ನು ಅವರೇ ತಡೆಯುತ್ತಾರೆ. ಹೊರಗಿನವರಿಗೆ "ಗ್ಯಾಸ್ಟ್ರಿಕ್ ಐತ್ರಿ" ಅನ್ನಿ. ನಮ್ಮ ಕಡೆ ಗ್ಯಾಸ್ಟ್ರಿಕ್ ಅಂದರೆ ಯಾರೂ ಮುಂದೆ ಪ್ರಶ್ನೆ ಕೇಳುವುದಿಲ್ಲ, ತಮ್ಮ ಗ್ಯಾಸ್ಟ್ರಿಕ್ ಕಥೆ ಶುರು ಮಾಡುತ್ತಾರೆ.

ಹಬ್ಬದ ಒಂದು ದಿನ ಜಾಸ್ತಿ ತಿಂದರೆ ಹೊಟ್ಟೆ ಮತ್ತೆ ಹಿಗ್ಗುತ್ತದಾ?

ಒಂದು ದಿನಕ್ಕೆ ಹಿಗ್ಗುವುದಿಲ್ಲ. ಆ ದಿನ ನೋವು, ವಾಂತಿ ಆಗಬಹುದು, ಅಷ್ಟೇ. ತಿಂಗಳುಗಟ್ಟಲೆ ತುಂಬಿದ ಮೇಲೂ ತುಂಬುತ್ತಾ ಹೋದರೆ ಹಿಗ್ಗುತ್ತದೆ. ಒಂದು ದಿನ ತಪ್ಪಿತು ಅಂತ ಮರುದಿನ ಉಪವಾಸ ಬೀಳಬೇಡಿ. ಮರುದಿನ ಬೆಳಗ್ಗೆ ಎಂದಿನ ಹಾಗೆ ಪ್ರೋಟೀನ್‌ನಿಂದ ಶುರು ಮಾಡಿ.

ಶಿವರಾತ್ರಿ, ಏಕಾದಶಿ, ರೋಜಾ ಮಾಡಬಹುದಾ?

ನೀರೂ ಇಲ್ಲದ ಉಪವಾಸ ಮೊದಲ ತಿಂಗಳುಗಳಲ್ಲಿ ಬೇಡ. ಗುಟುಕಾಗಿ ಮಾತ್ರ ಕುಡಿಯಬಲ್ಲ ಹೊಟ್ಟೆ ಸಂಜೆ ಒಂದೇ ಸಲಕ್ಕೆ ದಿನದ ನೀರನ್ನು ತುಂಬಿಕೊಳ್ಳಲಾರದು. ಕಾಯಿಲೆಯಲ್ಲಿ ಇರುವವರಿಗೆ ರೋಜಾದಿಂದ ರಿಯಾಯಿತಿ ಇದೆ ಅನ್ನುವುದು ಮುಸ್ಲಿಂ ಬಂಧುಗಳಿಗೆ ಗೊತ್ತೇ ಇದೆ. ವರ್ಷ ಕಳೆದ ಮೇಲೆ ಮಾಡುವ ಮನಸ್ಸಿದ್ದರೆ ನಿಮ್ಮ ಡಾಕ್ಟರನ್ನು ಕೇಳಿ, ಸಕ್ಕರೆ ಕಾಯಿಲೆಗೆ ಔಷಧಿ ತೆಗೆದುಕೊಳ್ಳುವವರಂತೂ ಕೇಳದೆ ಮಾಡಲೇಬೇಡಿ. ಇಫ್ತಾರ್‌ನಲ್ಲಿ ಒಂದು ಖರ್ಜೂರ, ಸ್ವಲ್ಪ ನೀರು, ಅರ್ಧ ಗಂಟೆ ಬಿಟ್ಟು ಊಟ. ಏಕಾದಶಿಯ ಸಾಬುದಾಣಿ ಬರೀ ಪಿಷ್ಟ, ಮೊಸರು, ಹಾಲು, ಪನೀರ್ ವಾಸಿ.

ಸಿಹಿ ತಿಂದಿದ್ದೇವೆ ಅಂತ ಹಳೆಯ ಸಕ್ಕರೆ ಮಾತ್ರೆ ಒಂದು ಜಾಸ್ತಿ ತೆಗೆದುಕೊಂಡರೆ?

ದಯವಿಟ್ಟು ಬೇಡ. ಆಪರೇಷನ್ ಆದ ಮೇಲೆ ಎಷ್ಟೋ ಜನರಿಗೆ ಸಕ್ಕರೆ ತಾನೇ ಇಳಿಯುತ್ತದೆ, ಅದಕ್ಕೇ ಮಾತ್ರೆ ಕಡಿಮೆ ಮಾಡಿರುತ್ತಾರೆ. ಹಳೆಯ ಮಾತ್ರೆ ನುಂಗಿದರೆ ಸಕ್ಕರೆ ತೀರಾ ಕೆಳಗೆ ಹೋಗಿ ಪ್ರಜ್ಞೆ ತಪ್ಪಬಹುದು. ಮನೆಯಲ್ಲಿ ಉಳಿದಿರುವ ಹಳೆಯ ಮಾತ್ರೆಗಳನ್ನು ಇವತ್ತೇ ತೆಗೆದುಹಾಕಿ.

ಸಂಜೆ ಮಿರ್ಚಿ, ಮಂಡಕ್ಕಿ ಒಗ್ಗರಣೆ?

ಬಳ್ಳಾರಿಯಿಂದ ಬಂದವರೇ ಈ ಪ್ರಶ್ನೆ ಕೇಳುತ್ತಾರೆ ಅಂತ ಗೊತ್ತಿತ್ತು. ಆರು ತಿಂಗಳು ಕಳೆದು, ಎಲ್ಲವೂ ಒಗ್ಗುತ್ತಿದ್ದರೆ ಅರ್ಧ ಮಿರ್ಚಿ. ಬೀಜ, ಸಿಪ್ಪೆ ತೆಗೆದು. ಮಂಡಕ್ಕಿ ನೋಡೋದಕ್ಕೆ ಹಗುರ, ಆದರೆ ಹರಟೆ ಹೊಡೆಯುತ್ತಾ ಒಂದು ಪುಟ್ಟಿ ಖಾಲಿ ಆಗಿರುತ್ತದೆ. ಅದೂ ಡಬ್ಬಿಯ ಜಾತಿಯದೇ.

ಹಬ್ಬದ ದಿನ ವಾಂತಿ ಶುರುವಾದರೆ ಏನು ಮಾಡಬೇಕು?

ತುತ್ತು ಸಿಕ್ಕಿಕೊಂಡು ಒಂದು ಸಲ ವಾಂತಿಯಾದರೆ ಗಾಬರಿ ಬೇಡ. ಊಟ ನಿಲ್ಲಿಸಿ, ಎದ್ದು ನಿಧಾನವಾಗಿ ಓಡಾಡಿ. ಸ್ವಲ್ಪ ಹೊತ್ತಾದ ಮೇಲೆ ಒಂದೊಂದೇ ಗುಟುಕು ನೀರು. ಆ ದಿನ ಉಳಿದ ಹೊತ್ತೆಲ್ಲ ದ್ರವವೇ ಇರಲಿ. ಆದರೆ ನೀರೂ ನಿಲ್ಲದಿದ್ದರೆ, ಹೊಟ್ಟೆನೋವು ಜೋರಾಗಿದ್ದರೆ, ಜ್ವರ ಇದ್ದರೆ, ಎದೆಬಡಿತ ಇಳಿಯದಿದ್ದರೆ, ವಾಂತಿಯಲ್ಲಿ ರಕ್ತ ಕಂಡರೆ, ಮಲ ಕಪ್ಪಾಗಿದ್ದರೆ ಹಬ್ಬ ಮುಗಿಯಲಿ ಅಂತ ಕಾಯದೆ ಆಸ್ಪತ್ರೆಗೆ ಹೋಗಿ. ದಿನಗಟ್ಟಲೆ ವಾಂತಿ ಆದವರಿಗೆ ವಿಟಮಿನ್ ಬಿ1 ಕೊರತೆ ಬಂದು ನರಗಳಿಗೆ ಪೆಟ್ಟಾಗಬಹುದು. ಅದಕ್ಕೆ ಗ್ಲೂಕೋಸ್ ಹಾಕುವ ಮುಂಚೆಯೇ ಬಿ1 ಕೊಡಬೇಕಾಗುತ್ತದೆ, ಡಾಕ್ಟರಿಗೆ ನಿಮ್ಮ ಆಪರೇಷನ್ ವಿಷಯ ಗೊತ್ತಿದ್ದರೆ ಮಾತ್ರ ಅವರಿಗೆ ಅದು ಹೊಳೆಯುತ್ತದೆ. ಹೊಟ್ಟೆನೋವು ಅಂತ ಅಂಗಡಿಯಿಂದ ನೋವಿನ ಮಾತ್ರೆ ತಂದು ನುಂಗಬೇಡಿ. ಬೈಪಾಸ್ ಆದವರಿಗೆ ಅವು ಹುಣ್ಣು ಮಾಡುತ್ತವೆ. ಹಬ್ಬದ ದಿನ ಊರಿನ ಆಸ್ಪತ್ರೆಯಲ್ಲಿ ನಿಮ್ಮ ಸರ್ಜನ್ ಇರುವುದಿಲ್ಲ, ಡ್ಯೂಟಿ ಡಾಕ್ಟರ್ ಇರುತ್ತಾರೆ. ಯಾವ ಆಪರೇಷನ್, ಯಾವ ತಿಂಗಳು, ಎಲ್ಲಿ ಆಯಿತು ಅನ್ನುವ ಡಿಸ್‌ಚಾರ್ಜ್ ಚೀಟಿಯ ಫೋಟೊ ನಿಮ್ಮ ಫೋನಿನಲ್ಲೂ ಮನೆಯವರೊಬ್ಬರ ಫೋನಿನಲ್ಲೂ ಇರಲಿ.